ಬೈಕಿನ ಕಿಟ್‌ಗೆ ಯಾವ ಮಲ್ಟಿಟೂಲ್? ಮೊದಲು ಬೋಲ್ಟ್ ನೋಡಿ, ಆಮೇಲೆ ಟೂಲ್

ಪ್ರಶ್ನೆ: ಬೈಕಿನಲ್ಲಿ ದೂರ ದೂರ ಹೋಗುವ ಅಭ್ಯಾಸ ಇದೆ. ಸೀಟಿನ ಕೆಳಗೆ ಕಂಪನಿಯವರು ಕೊಟ್ಟ ಟೂಲ್ ಕಿಟ್ ಇದೆ, ಆದರೆ ಅದನ್ನು ನೋಡಿದರೆ ತಗಡು ಕತ್ತರಿಸಿ ಮಾಡಿದ ಹಾಗಿದೆ. ಅದನ್ನು ತೆಗೆದಿಟ್ಟು ಒಂದು ಒಳ್ಳೆಯ ಮಲ್ಟಿಟೂಲ್ (ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಎಲ್ಲ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವ ಟೂಲ್) ಇಟ್ಟುಕೊಂಡರೆ ಸಾಕಲ್ವಾ? 14 ಟೂಲ್ ಇರುವುದು, 18 ಇರುವುದು, 21 ಇರುವುದು ಅಂತೆಲ್ಲ ಸಿಗುತ್ತವೆ. ಯಾವುದನ್ನು ಆರಿಸಲಿ?

ಉತ್ತರ: ಸಾಲದು. ಧೈರ್ಯವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ. ಒಂದು ರಾತ್ರಿ ಮಳೆಯಲ್ಲಿ ಹೆಡ್‌ಲೈಟ್ ಆರಿಹೋಯಿತು. ಫ್ಯೂಸ್ ಇದ್ದದ್ದು ಪಕ್ಕದ ಕವರಿನ ಒಳಗೆ. ಕವರಿಗೆ ಇದ್ದದ್ದು ಒಂದೇ ಒಂದು 10 ಎಂಎಂ ಬೋಲ್ಟ್. ಸ್ಪ್ಯಾನರ್ ಮನೆಯಲ್ಲಿ, ಕೈಯಲ್ಲಿ ಹೊಚ್ಚಹೊಸ ಮಲ್ಟಿಟೂಲ್. ಅದರ ಇಕ್ಕಳದಲ್ಲೇ ಹಿಡಿದು ತಿರುಗಿಸಿದೆ. ಮೂರನೇ ಸಲಕ್ಕೆ ಬೋಲ್ಟಿನ ಮೂಲೆಗಳೆಲ್ಲ ಸವೆದು ತಲೆ ಗುಂಡಗಾಯಿತು. ಮಾರನೇ ದಿನ ಗ್ಯಾರೇಜಿನಲ್ಲಿ ಅದನ್ನು ಕೊರೆದು ತೆಗೆಸಿದೆ. ನೋಡಿದರೆ ಸುಟ್ಟಿದ್ದು ಒಂದು ಪುಟಾಣಿ ಫ್ಯೂಸ್.

ರಿಂಗ್ ಸ್ಪ್ಯಾನರ್ ಬೋಲ್ಟಿನ ತಲೆಯನ್ನು ಸುತ್ತಲೂ ಅಪ್ಪಿಕೊಳ್ಳುತ್ತದೆ. ಇಕ್ಕಳ ಹಾಗಲ್ಲ. ಅದರ ದವಡೆಗಳು ಕತ್ತರಿಯ ಹಾಗೆ ಓರೆಯಾಗಿ ತೆರೆಯುತ್ತವೆ, ಬೋಲ್ಟಿನ ಅಂಚನ್ನು ಮಾತ್ರ ಕಚ್ಚುತ್ತವೆ. ಬೋಲ್ಟ್ ಬಿಗಿಯಾಗಿದ್ದರೆ ಜಾರುತ್ತದೆ, ಜಾರಿದಾಗೆಲ್ಲ ಸ್ವಲ್ಪ ಸ್ವಲ್ಪ ಲೋಹ ಕೆರೆದು ಹೋಗುತ್ತದೆ.

ಹಿಡಿತ ಚೆನ್ನಾಗಿದ್ದರೂ ಉದ್ದ ಸಾಲದು. ಹಿಂದಿನ ಚಕ್ರದ ಆಕ್ಸಲ್ ನಟ್ ತಗೊಳ್ಳಿ. 90 ನ್ಯೂಟನ್ ಮೀಟರ್ ಬಿಗಿ ಇದೆ ಅಂದುಕೊಳ್ಳಿ (ನಿಮ್ಮ ಬೈಕಿನ ಲೆಕ್ಕ ಅದರ ಕೈಪಿಡಿಯಲ್ಲಿರುತ್ತದೆ). 30 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ಆದರೆ ತುದಿಯಲ್ಲಿ ಸುಮಾರು 30 ಕಿಲೋ ಭಾರದಷ್ಟು ಒತ್ತಬೇಕು. ಸ್ವಲ್ಪ ಮೈಭಾರ ಬಿಟ್ಟರೆ ಆಯಿತು. ಮಲ್ಟಿಟೂಲಿನ ಹಿಡಿ 10 ಸೆಂಟಿಮೀಟರ್ ಸುಮಾರು. ಅದೇ ಕೆಲಸಕ್ಕೆ 90 ಕಿಲೋ ಬೇಕು. ಅಷ್ಟು ಶಕ್ತಿ ನಿಮ್ಮ ಕೈಯಲ್ಲಿ ಇದ್ದರೂ ಆ ಮಡಚುವ ಕೀಲಿನಲ್ಲಿ ಇರುವುದಿಲ್ಲ. ಅದಿರಲಿ, ಆ ನಟ್ 24 ಅಥವಾ 27 ಎಂಎಂ ಇದ್ದರೆ ಇಕ್ಕಳ ಅಷ್ಟು ಬಾಯಿ ಬಿಡುವುದೂ ಕಷ್ಟ.

ಹಾಗಾದರೆ ಮಲ್ಟಿಟೂಲ್ ಬೇಡವೇ ಬೇಡವಾ? ಬೇಕು. ನಾನು ಇಲ್ಲದೆ ಹೊರಡುವುದಿಲ್ಲ. ಆದರೆ ಅದು ಸ್ಪ್ಯಾನರಿನ ಬದಲಿ ಅಲ್ಲ, ಕಂಪನಿಯ ಕಿಟ್‌ನಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವ ಇಕ್ಕಳ, ಚಾಕು ಮತ್ತು ಅರದ ಬದಲಿ. ಟಿಮ್ ಲೆದರ್‌ಮನ್ ಎಂಬಾತ 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಜೇಬಿನ ಚಾಕುವಿನಲ್ಲೇ ಕಾರಿನ ರಿಪೇರಿ ಮಾಡುತ್ತಿದ್ದರಂತೆ. ಇದಕ್ಕೊಂದು ಇಕ್ಕಳ ಇದ್ದಿದ್ದರೆ ಅನ್ನಿಸಿದ್ದೇ ಮೂಲ. ಅವರ ಮೊದಲ ಟೂಲ್ ಮಾರಾಟಕ್ಕೆ ಬಂದದ್ದು 1983ರಲ್ಲಿ. ಮಲ್ಟಿಟೂಲ್ ಆರಿಸುವಾಗ ಇದನ್ನು ನೆನಪಿಟ್ಟುಕೊಳ್ಳಿ: ಅದರಲ್ಲಿ ಮುಖ್ಯ ಇಕ್ಕಳ. ಉಳಿದದ್ದೆಲ್ಲ ಹಿಡಿಯೊಳಗೆ ಜಾಗ ಇತ್ತು ಅಂತ ಸೇರಿಕೊಂಡದ್ದು.

ಬೈಕಿನಲ್ಲಿ ಇಕ್ಕಳದ ಕೆಲಸ ಎಷ್ಟಿವೆ ನೋಡಿ. ಟೈರಿಗೆ ಹೊಕ್ಕ ಮೊಳೆ ಕೀಳಬೇಕು. ಆಕ್ಸಲ್ ನಟ್‌ನ ಸ್ಪ್ಲಿಟ್ ಪಿನ್ ನೆಟ್ಟಗೆ ಮಾಡಿ ಎಳೆಯಬೇಕು. ಪೆಟ್ರೋಲ್ ಪೈಪಿನ ಸ್ಪ್ರಿಂಗ್ ಕ್ಲಿಪ್ ಒತ್ತಿ ಸರಿಸಬೇಕು. ಕೈಬೆರಳು ಹೋಗದ ಸಂದಿಯಿಂದ ಫ್ಯೂಸ್ ಹೊರಗೆ ತೆಗೆಯಬೇಕು. ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಎಳೆದು ಕೊಕ್ಕೆಗೆ ಹಾಕಬೇಕು. ಬಿದ್ದಾಗ ಬಾಗಿದ ತಗಡನ್ನು ಚೈನಿಗೆ ತಾಗದ ಹಾಗೆ ಆಚೆ ತಿರುಚಬೇಕು. ಚೈನಿನ ಎರಡು ತುದಿ ಸೇರಿಸುವ ಲಾಕ್ ಕ್ಲಿಪ್ಪಿನದಾದರೆ ಆ ಕ್ಲಿಪ್ಪನ್ನು ತಳ್ಳಿ ಕೂರಿಸುವುದೂ ಇಕ್ಕಳದಿಂದಲೇ. ಆಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುಗಾಮುರುಗಾ ಹಾಕಿದರೆ ಏನಾದರೂ ತಾಗಿದಾಗ ಕಳಚಿ ಹೋಗಬಹುದು.

ಅಂದಮೇಲೆ ಕೊಳ್ಳುವಾಗ ನೋಡಬೇಕಾದ್ದು ಟೂಲ್‌ಗಳ ಸಂಖ್ಯೆಯಲ್ಲ. ಇಕ್ಕಳದ ಮೂಗು ತೆಳ್ಳಗೆ ಇದೆಯಾ? ಮುಚ್ಚಿ ಬೆಳಕಿಗೆ ಹಿಡಿಯಿರಿ, ತುದಿ ಎರಡೂ ಸರಿಯಾಗಿ ಕೂಡುತ್ತವಾ? ಹಿಡಿ ಗಟ್ಟಿಯಾಗಿ ಒತ್ತಿದಾಗ ಅಂಗೈಗೆ ಅಂಚು ಕೊರೆಯುತ್ತದಾ? ರೈಡಿಂಗ್ ಗ್ಲೌಸ್ ಹಾಕಿಕೊಂಡೇ ಬಿಡಿಸಿ ನೋಡಿ. ವಿಕ್ಟೋರಿನಾಕ್ಸ್ ಸ್ವಿಸ್‌ಟೂಲ್‌ನಲ್ಲಿ ಇಕ್ಕಳ ತೆರೆಯದೆಯೇ ಉಳಿದ ಟೂಲ್‌ಗಳನ್ನು ಹೊರಗಿನಿಂದ ಬಿಡಿಸಬಹುದು. ಉಗುರು ಮುರಿದುಕೊಳ್ಳುವ ಕಾಟ ಕಡಿಮೆ. ಲೆದರ್‌ಮನ್ ವೇವ್ ಪ್ಲಸ್‌ನಲ್ಲಿ ತಂತಿ ಕತ್ತರಿಸುವ ಅಂಚು ಮೊಂಡಾದರೆ ಬಿಚ್ಚಿ ಬೇರೆ ಹಾಕಬಹುದು. ಬೈಕಿನವರಿಗೆ ಇದು ನಿಜವಾಗಿಯೂ ಉಪಯೋಗ, ಯಾಕೆಂದರೆ ಕ್ಲಚ್ ಕೇಬಲ್ಲಿನ ಒಳಗಿನ ಉಕ್ಕಿನ ಎಳೆಗಳು ಸಾಮಾನ್ಯ ಕಟ್ಟರಿನ ಅಂಚಿಗೆ ಹಲ್ಲು ಮೂಡಿಸಿಬಿಡುತ್ತವೆ.

ಅರ ಇರಲಿ. ಮುರಿದ ಲಿವರಿನ ಚೂಪು ತುದಿ ಉಜ್ಜಲು, ಕಿಲುಬುಗಟ್ಟಿದ ಟರ್ಮಿನಲ್ ಕೆರೆಯಲು ಬೇಕು. ಚಾಕುವಿಗೆ ಲಾಕ್ ಇರಲೇಬೇಕು, ಇಲ್ಲದಿದ್ದರೆ ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಮರ ಕೊಯ್ಯುವ ಗರಗಸ, ಡಬ್ಬಿ ಓಪನರ್, ಬಾಟಲಿ ಓಪನರ್? ಬೇಡ ಅನ್ನುವುದಿಲ್ಲ, ಸುಮ್ನೆ ಇರುತ್ತವೆ. ಅವಕ್ಕಾಗಿ ಜಾಸ್ತಿ ದುಡ್ಡು, ಜಾಸ್ತಿ ತೂಕ ಬೇಡ ಅಷ್ಟೆ.

ಕಂಪನಿಯ ಕಿಟ್ ಎಸೆಯಬೇಡಿ. ಅದರಲ್ಲಿರುವ ಪ್ಲಗ್ ಸ್ಪ್ಯಾನರ್ ನಿಮ್ಮ ಇಂಜಿನ್ನಿನ ಪ್ಲಗ್ಗಿಗೆ, ಆ ಇಕ್ಕಟ್ಟಿನ ಜಾಗಕ್ಕೆ ಅಂತಲೇ ಮಾಡಿದ್ದು. ಪ್ಲಗ್ 16 ಎಂಎಂ ಇರಬಹುದು, 18 ಇರಬಹುದು, 21 ಇರಬಹುದು. ಯಾವ ಮಲ್ಟಿಟೂಲೂ ಅಲ್ಲಿಗೆ ಇಳಿಯುವುದಿಲ್ಲ. ತಗಡಿನ ಸ್ಪ್ಯಾನರ್‌ಗಳನ್ನು ಮಾತ್ರ ಬದಲಾಯಿಸಿ. ಯಾವ ಅಳತೆ ಅಂತ ಬೈಕೇ ಹೇಳುತ್ತದೆ. ಜಪಾನಿ ಬೈಕುಗಳಲ್ಲಿ 8, 10, 12, 14, 17 ಹೆಚ್ಚು. ಯುರೋಪಿನ ಬೈಕುಗಳಲ್ಲಿ 12ರ ಜಾಗದಲ್ಲಿ 13 ಬರುತ್ತದೆ, ಜೊತೆಗೆ ಟಾರ್ಕ್ಸ್ (ಆರು ಮೂಲೆಯ ನಕ್ಷತ್ರದಂಥ ಗುಳಿ ಇರುವ) ತಲೆಗಳು. ಹಾರ್ಲೆಯ ಹಲವು ಬೈಕುಗಳಲ್ಲಿ ಇಂಚಿನ ಲೆಕ್ಕ, ಅಲ್ಲಿ ಎಂಎಂ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನನ್ನ ಫ್ಯೂಸ್ ಕವರಿನ ಕಥೆಯೇ.

ಒಂದು ರಜೆಯ ದಿನ ಮನೆಯ ಮುಂದೆ ಬೈಕ್ ನಿಲ್ಲಿಸಿ. ಪ್ರಯಾಣಕ್ಕೆ ಒಯ್ಯುವ ಕಿಟ್ ಬಿಟ್ಟು ಬೇರೇನೂ ಮುಟ್ಟದೆ ಚೈನ್ ಅಡ್ಜಸ್ಟ್ ಮಾಡಿ, ಪ್ಲಗ್ ಬಿಚ್ಚಿ, ಬ್ಯಾಟರಿ ಹೊರಗೆ ತೆಗೆಯಿರಿ, ಹಿಂದಿನ ಚಕ್ರ ಕಳಚಿ. ಎಲ್ಲಿ ಒಳಗೆ ಓಡಿ ಹೋಗಿ ದೊಡ್ಡ ಟೂಲ್ ಬಾಕ್ಸ್ ತೆರೆಯಬೇಕಾಯಿತೋ ಅದೇ ನಿಮ್ಮ ಕಿಟ್‌ನಲ್ಲಿ ಕಡಿಮೆ ಇರುವ ಟೂಲ್. ಯಾವುದನ್ನು ಒಮ್ಮೆಯೂ ಮುಟ್ಟಲಿಲ್ಲವೋ ಅದನ್ನು ಹೊರಗಿಡಿ. ಪಂಕ್ಚರ್ ಕಿಟ್ ಒಂದನ್ನು ಬಿಟ್ಟು.

ಪ್ರಶ್ನೆ: ನನ್ನದು ಹಳೆಯ ಜಪಾನಿ ಬೈಕು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸ್ಟಾರ್ ಸ್ಕ್ರೂವನ್ನು ಮಲ್ಟಿಟೂಲಿನಿಂದ ತೆಗೆಯಲು ಹೋದೆ. ಸ್ಕ್ರೂ ತಲೆ ಕಿತ್ತುಹೋಯಿತು. ಟೂಲ್ ಹೆಸರಾಂತ ಕಂಪನಿಯದೇ. ತಪ್ಪು ಎಲ್ಲಿ?

ಉತ್ತರ: ಟೂಲ್ ಕಳಪೆ ಅಂತ ಬೈಯಬೇಡಿ. ಸ್ಕ್ರೂಡ್ರೈವರೇ ಬೇರೆ ಜಾತಿಯದು. ನಾವು ಸ್ಟಾರ್ ಅಂತ ಕರೆಯುವ ಸ್ಕ್ರೂಡ್ರೈವರ್ ಸಾಮಾನ್ಯವಾಗಿ ಫಿಲಿಪ್ಸ್, ಅಂದರೆ ಪ್ಲಸ್ ಗುರುತಿನ ಹಾಗೆ ನಾಲ್ಕು ರೆಕ್ಕೆಯ ತುದಿ ಇರುವುದು. ಹಳೆಯ ಜಪಾನಿ ಬೈಕಿನ ಸ್ಕ್ರೂಗಳು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಅಳತೆಯವು. ಮೇಲಿಂದ ನೋಡಿದರೆ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಆದರೆ ಜೆಐಎಸ್ ಗುಳಿಯಲ್ಲಿ ಫಿಲಿಪ್ಸ್ ತುದಿ ತಳದವರೆಗೆ ಕೂರುವುದಿಲ್ಲ. ತಿರುಗಿಸಿದರೆ ಮೇಲಕ್ಕೆ ಏರಿ ಜಾರುತ್ತದೆ, ಜಾರುವಾಗ ಗುಳಿಯ ಗೋಡೆಯನ್ನು ಕೆರೆದುಕೊಂಡು ಬರುತ್ತದೆ. ಎಷ್ಟೋ ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇರುತ್ತದೆ. ಅದು ಕಂಡರೆ ಮಲ್ಟಿಟೂಲ್ ಒಳಗಿಡಿ.

ಮಡಚುವ ಟೂಲಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಹಿಡಿಯೊಳಗೆ ಮಲಗಬೇಕಲ್ಲ, ಅದಕ್ಕಾಗಿ ಆ ಸ್ಟಾರ್ ತುದಿಯನ್ನು ಎರಡು ಕಡೆ ಚಪ್ಪಟೆ ಮಾಡಿರುತ್ತಾರೆ. ನಾಲ್ಕು ರೆಕ್ಕೆಯಲ್ಲಿ ಎರಡು ಮಾತ್ರ ಪೂರ್ತಿ ಇರುತ್ತವೆ. ಸಡಿಲ ಸ್ಕ್ರೂಗೆ ಪರವಾಗಿಲ್ಲ, ಅಲ್ಯುಮಿನಿಯಮ್ಮಿನಲ್ಲಿ ವರ್ಷಗಟ್ಟಲೆ ಕಚ್ಚಿಕೊಂಡ ಸ್ಕ್ರೂಗೆ ಸಾಲದು. ಟೂಲಿನ ದಪ್ಪ ಹಿಡಿ ಪಕ್ಕದ ಕೇಬಲ್‌ಗೋ ಫೇರಿಂಗ್‌ಗೋ (ಬೈಕಿನ ಹೊರ ಹೊದಿಕೆ) ತಾಗುವುದರಿಂದ ನೇರವಾಗಿ ಒತ್ತಲೂ ಆಗುವುದಿಲ್ಲ.

2 ಮತ್ತು 3ನೇ ನಂಬರಿನ ಜೆಐಎಸ್ ಸ್ಕ್ರೂಡ್ರೈವರ್ ಅಥವಾ ಬಿಟ್ (ಹಿಡಿಗೆ ಸಿಕ್ಕಿಸುವ ಬಿಡಿ ತುದಿ) ಇಟ್ಟುಕೊಳ್ಳಿ. ಫಿಲಿಪ್ಸ್ ಸ್ಕ್ರೂಗಳಿಗೂ ಅದು ಚೆನ್ನಾಗಿಯೇ ಕೂರುತ್ತದೆ. ಮೊದಲು ಗುಳಿಯ ಕಸ ಕೆರೆದು ತೆಗೆಯಿರಿ. ತುದಿ ಇಟ್ಟು ಮೇಲಿಂದ ಮೆಲ್ಲಗೆ ನಾಲ್ಕು ಏಟು ಹಾಕಿ, ಕಚ್ಚಿಕೊಂಡದ್ದು ಸ್ವಲ್ಪ ಬಿಡುತ್ತದೆ. ಆಮೇಲೆ ಮೈಭಾರ ಹಾಕಿ ಒತ್ತಿಕೊಂಡೇ ತಿರುಗಿಸಿ. ಈಗ ತಲೆ ಕಿತ್ತುಹೋದದ್ದಕ್ಕೆ ಗ್ಯಾರೇಜಿಗೇ ಹೋಗಿ. ಆ ಡಬ್ಬಿಯ ಹತ್ತಿರ ಡ್ರಿಲ್ ಹಿಡಿದು ಕಲಿಯುವುದು ಬೇಡ. ಬ್ರೇಕ್ ಆಯಿಲ್ ಚೆಲ್ಲಿದರೆ ಟ್ಯಾಂಕಿನ ಪೇಂಟ್ ಏಳುತ್ತದೆ ಅನ್ನುವುದು ಬೇರೆ.

ಬಿಟ್ ವಿಷಯಕ್ಕೆ ಬಂದದ್ದರಿಂದ ಇದೂ ಹೇಳುತ್ತೇನೆ. ಲೆದರ್‌ಮನ್ನಿನ ಹಲವು ಟೂಲ್‌ಗಳಿಗೆ ಬರುವುದು ಚಪ್ಪಟೆ ಬಿಟ್. ಅಂಗಡಿಯಲ್ಲಿ ಸಿಗುವ ಕಾಲು ಇಂಚಿನ, ಅಂದರೆ 6.35 ಎಂಎಂ, ಆರು ಮೂಲೆಯ ಬಿಟ್ ಅದಕ್ಕೆ ನೇರವಾಗಿ ಹೊಂದುವುದಿಲ್ಲ. ಅಡಾಪ್ಟರ್ ಬೇರೆ ತಗೊಳ್ಳಬೇಕು. ನನ್ನನ್ನು ಕೇಳಿದರೆ ಆ ದುಡ್ಡಿಗೆ ಬಿಟ್ ಸಿಕ್ಕಿಸಿ ತಿರುಗಿಸುವ, ಅಂಗೈ ಅಗಲದ ಒಂದು ರ‍್ಯಾಚೆಟ್ ತಗೊಂಡು, ಅದಕ್ಕೆ 4, 5, 6, 8 ಎಂಎಂ ಅಲೆನ್ (ಆರು ಮೂಲೆಯ ಗುಳಿಗೆ ಕೂರುವ) ಬಿಟ್, ಎರಡು ಜೆಐಎಸ್, ನಿಮ್ಮ ಬೈಕಿನಲ್ಲಿರುವ ಟಾರ್ಕ್ಸ್, ಜೊತೆಗೆ 8 ಮತ್ತು 10ರ ಸಾಕೆಟ್ ಸೇರಿಸುವುದೇ ಮೇಲು.

ಪ್ರಶ್ನೆ: ನನ್ನ ಹತ್ತಿರ ಸೈಕಲ್ಲಿನ ಮಲ್ಟಿಟೂಲ್ ಇದೆ. ಅಲೆನ್ ಕೀಗಳು, ಚೈನ್ ಕಟ್ಟರ್ ಎಲ್ಲ ಇವೆ. ಅದೇ ಬೈಕಿಗೂ ಆಗುತ್ತದಾ?

ಉತ್ತರ: ಅರ್ಧ ಆಗುತ್ತದೆ. ಕನ್ನಡಿ, ಲಿವರ್ ಹೋಲ್ಡರ್, ಫೇರಿಂಗ್ ಇವುಗಳ 4, 5, 6 ಎಂಎಂ ಅಲೆನ್ ಬೋಲ್ಟುಗಳಿಗೆ ಸಾಕು. 8 ಎಂಎಂ ಬೋಲ್ಟ್ ಬಿಗಿಯಾಗಿದ್ದರೆ ಅದರ ಗಿಡ್ಡ ಕೈಗೆ ಬಲ ಸಾಲದು. ಚೈನ್ ಕಟ್ಟರಂತೂ ಮರೆತುಬಿಡಿ. 428 ನಂಬರಿನ ಬೈಕ್ ಚೈನಿಗೂ ಸೈಕಲ್ ಚೈನಿಗೂ ಪಿನ್ನಿಂದ ಪಿನ್ನಿಗೆ ಇರುವ ದೂರ ಒಂದೇ, ಅರ್ಧ ಇಂಚು. ಅದನ್ನು ನೋಡಿಯೇ ಕೆಲವರು ಮೋಸ ಹೋಗುತ್ತಾರೆ. ಆದರೆ ಬೈಕ್ ಚೈನ್ ಅಗಲ, ಪಿನ್ ದಪ್ಪ. ಸೈಕಲ್ ಕಟ್ಟರಿನ ಕಡ್ಡಿಯೇ ಬಾಗುತ್ತದೆ.

ಪ್ರಶ್ನೆ: ಮಲ್ಟಿಟೂಲನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಿಸುತ್ತೇನೆ, ಬೇಕಾದಾಗ ಕೈಗೆ ಸಿಗುತ್ತದೆ ಅಂತ. ಸರೀನಾ?

ಉತ್ತರ: ನಿಂತಾಗ ಸರಿ, ಓಡಿಸುವಾಗ ಬೇಡ. ಬಿದ್ದರೆ ಆ ಉಕ್ಕಿನ ತುಂಡು ನಿಮ್ಮ ಸೊಂಟಕ್ಕೂ ರಸ್ತೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಎದೆಯ ಜೇಬು, ಬೆನ್ನಿನ ಬ್ಯಾಗಿನಲ್ಲಿ ಬೆನ್ನುಮೂಳೆಗೆ ತಾಗುವ ಜಾಗವೂ ಬೇಡ. ಸೀಟಿನ ಕೆಳಗೋ ಟ್ಯಾಂಕ್ ಬ್ಯಾಗಿನಲ್ಲೋ ಇಡಿ. ಹಳೆಯ ಟ್ಯೂಬಿನ ತುಂಡಿನಲ್ಲಿ ಸುತ್ತಿಟ್ಟರೆ ಗಡಗಡ ಅನ್ನುವುದಿಲ್ಲ, ಟ್ಯೂಬೂ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿಯ ಪಕ್ಕ ಮಾತ್ರ ಬೇಡ. ಅದರ ಹಿಡಿ ಬರೀ ಲೋಹ, ಪ್ಲಾಸ್ಟಿಕ್ ಹೊದಿಕೆ ಇಲ್ಲ. ಪಾಸಿಟಿವ್ ಟರ್ಮಿನಲ್ಲಿಗೂ ಫ್ರೇಮಿಗೂ ಒಟ್ಟಿಗೆ ತಾಗಿದರೆ ಬೆಂಕಿಯ ಕಿಡಿ ಹಾರುತ್ತದೆ. ಬ್ಯಾಟರಿ ಬಿಚ್ಚುವಾಗಲೂ ಇದೇ ಕಾರಣಕ್ಕೆ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ.

ವಿಮಾನದಲ್ಲಿ ಹೋಗಿ ಅಲ್ಲಿ ಬಾಡಿಗೆ ಬೈಕ್ ಹತ್ತುವವರು ಟೂಲನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ಚಾಕು ಇರುವುದರಿಂದ ಕೈಚೀಲದಲ್ಲಿ ಬಿಡುವುದಿಲ್ಲ. ಮಳೆಯಲ್ಲಿ ಓಡಿಸಿ ಬಂದ ಮೇಲೆ ಒಮ್ಮೆ ಟೂಲ್ ಬಿಡಿಸಿ ಒರೆಸಿ, ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಸ್ಟೇನ್‌ಲೆಸ್ ಅಂದಮಾತ್ರಕ್ಕೆ ತುಕ್ಕು ಹಿಡಿಯುವುದೇ ಇಲ್ಲ ಅಂತಲ್ಲ. ಆರು ತಿಂಗಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಇಕ್ಕಳವನ್ನು ಬಿಡಿಸಲು ಇನ್ನೊಂದು ಇಕ್ಕಳ ಹುಡುಕಿದವರನ್ನು ನಾನು ನೋಡಿದ್ದೇನೆ.