ಕುಂಟುವ ಕುದುರೆಯನ್ನು ಕೊಳ್ಳುವ ಮುನ್ನ
ತಮಿಳುನಾಡಿನ ಅಂದಿಯೂರು ಜಾತ್ರೆಯಲ್ಲಿ ಕಂಡ ಹೆಣ್ಣುಕುದುರೆ ತುಸು ಕುಂಟುತ್ತದೆ, ಮಾರುವವರು ಮುಂಗಾಲಿಗೆ ಮುಳ್ಳು ಚುಚ್ಚಿದೆ ಅನ್ನುತ್ತಾರೆ, ಕೊಳ್ಳಲೇ ಎಂದು ಕೇಳಿದ್ದೀರಿ. ಮುಳ್ಳಾದರೆ ಗೊರಸಿನ ಅಡಿಯಲ್ಲಿ ಗುರುತಿರಬೇಕಲ್ಲ, ಕಾಲೆತ್ತಿ ತೋರಿಸಿದರೇ? ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಹದವಾಗಿ ಓಡಿಸಿ. ನೋಯುವ ಮುಂಗಾಲು ಊರಿದಾಗ ತಲೆ ಮೇಲೇಳುತ್ತದೆ. ಆದರೆ ನೋವಿನ ಮದ್ದು ಕೊಟ್ಟಿದ್ದರೆ ಕುಂಟು ಅಡಗಿಬಿಡುತ್ತದೆ. ಆದ್ದರಿಂದ ಜಾತ್ರೆಯಲ್ಲೇ ಮುಂಗಡ ಬೇಡ. ವಾರ ಬಿಟ್ಟು, ಹೇಳದೆ ಅವರ ಲಾಯಕ್ಕೇ ಹೋಗಿ ನೋಡಿ. (ನಿಮ್ಮ ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವು ಇಳಿಯುವುದು ತ್ರಾಸವೇ, ಬಲ್ಲೆ.) ಜೊತೆಗೆ ಪಶುವೈದ್ಯರನ್ನು ನೀವೇ ಕರೆದೊಯ್ಯಿರಿ, ಗೊರಸಿನ ಎಕ್ಸ್‌ರೇ ತೆಗೆಸಿ. ಗ್ಲಾಂಡರ್ಸ್ ರಕ್ತಪರೀಕ್ಷೆಯನ್ನೂ ಬಿಡಬೇಡಿ, ಅದು ಮನುಷ್ಯರಿಗೂ ಅಂಟುವ ರೋಗ. ಎಕ್ಸ್‌ರೇಗೆ ಒಪ್ಪದವರ ಕುದುರೆಯನ್ನು ನಾನಾದರೆ ಅರ್ಧ ಬೆಲೆಗೂ ಕೊಳ್ಳುವುದಿಲ್ಲ.