ಮೂರು ಡಾಕ್ಟರು, ಮೂರು ಹೆಸರು: ಯಾರನ್ನು ನಂಬುವುದು?

ಐದು ವರ್ಷದ ಮಗನಿಗೆ ಒಬ್ಬ ಡಾಕ್ಟರು ಆಟಿಸಂ ಅಂದರು, ಇನ್ನೊಬ್ಬರು ಎಡಿಎಚ್‌ಡಿ ಅಂದರು, ಮೂರನೆಯವರು ಮಾತು ನಿಧಾನ ಅಷ್ಟೇ ಅಂದರು, ಯಾರು ಸರಿ ಎಂದು ಕೇಳಿದ್ದೀರಿ. ಮೂವರೂ ಸರಿ ಇರಬಹುದು. ಆಟಿಸಂ ಅಂದರೆ ಬೇರೆಯವರೊಂದಿಗೆ ಬೆರೆಯುವ, ಮಾತಾಡುವ ರೀತಿಯಲ್ಲೇ ವ್ಯತ್ಯಾಸ ಇರುವುದು; ಎಡಿಎಚ್‌ಡಿ ಅಂದರೆ ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವುದು.

ನಾನು ಡಾಕ್ಟರಲ್ಲ. ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ನನ್ನ ಮಗನಿಗೆ ಈಗ 11 ವರ್ಷ, ಅವನ ಫೈಲಿನಲ್ಲೂ ಇವೇ ಮೂರು ಹೆಸರು ಉಂಟು.

ಆಟಿಸಂ ಆಗಲಿ ಎಡಿಎಚ್‌ಡಿ ಆಗಲಿ ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನಿಂಗ್‌ನಲ್ಲೋ ಕಾಣುವಂಥದ್ದಲ್ಲ. ಮಗುವನ್ನು ನೋಡಿ, ನಮ್ಮನ್ನು ಕೇಳಿ ಹೆಸರು ಕೊಡುತ್ತಾರೆ. ಕಷ್ಟ ಏನೆಂದರೆ ಹೊರಗೆ ಕಾಣುವುದು ಒಂದೇ, ಒಳಗಿನ ಕಾರಣ ಬೇರೆ ಬೇರೆ. ಕರೆದರೆ ತಿರುಗುವುದಿಲ್ಲ ಅನ್ನಿ. ಕಿವಿ ಕೇಳದೆ ಇರಬಹುದು. ಮಾತು ಅರ್ಥವಾಗದೆ ಇರಬಹುದು. ಗಮನ ಇನ್ನೆಲ್ಲೋ ಇರಬಹುದು. ಇಲ್ಲವೇ ಕರೆದಾಗ ಮುಖ ನೋಡಬೇಕು ಅನ್ನುವುದೇ ಅವನಿಗೆ ಹೊಳೆಯದೆ ಇರಬಹುದು. ಎರಡು ಕಾರಣ ಒಟ್ಟಿಗೂ ಇರುತ್ತವೆ.

ಡಾಕ್ಟರುಗಳು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂನಲ್ಲಿ ಹಿಂದೆ ಆಟಿಸಂ ಇದ್ದರೆ ಎಡಿಎಚ್‌ಡಿ ಎಂದು ಬರೆಯುವ ಹಾಗೇ ಇರಲಿಲ್ಲ. 2013ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಆ ಅಡ್ಡಿ ಹೋಯಿತು. ಹಾಗಿದ್ದರೂ 'ಇದಾ, ಅದಾ, ಒಂದು ಹೇಳಿ' ಅಂತ ನಾವೇ ಒತ್ತಾಯ ಮಾಡುತ್ತೇವೆ, ಅಲ್ವಾ?

ನನ್ನ ಮಗ ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಸಾಲಾಗಿ ಜೋಡಿಸುತ್ತಾ ಎರಡು ಗಂಟೆ ಕೂರುತ್ತಿದ್ದ. 'ಇಷ್ಟು ಹೊತ್ತು ಕೂರುವವನಿಗೆ ಎಂಥ ಗಮನದ ತೊಂದರೆ!' ಅಂದರು ಅತ್ತೆ. ನಾನೂ ನಂಬಿದೆ. ಆದರೆ ಇಷ್ಟದ ಕೆಲಸದಲ್ಲಿ ಮುಳುಗುವುದು ಎಡಿಎಚ್‌ಡಿ ಮಕ್ಕಳಲ್ಲೂ ಇದೆ. ಬೇಕಾದಾಗ ಗಮನವನ್ನು ಅಲ್ಲಿಂದ ಕಿತ್ತು ಇಲ್ಲಿಡಲು ಆಗುವುದಿಲ್ಲ, ತೊಂದರೆ ಅಲ್ಲಿರುವುದು.

ಕಾಸರಗೋಡಿನವರು ಇನ್ನೊಂದು ವಿಷಯ ನೋಡಲೇಬೇಕು. ಪರೀಕ್ಷೆ ಯಾವ ಭಾಷೆಯಲ್ಲಿ ಆಯಿತು? ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತುಳು. ಪರೀಕ್ಷೆ ಮಾತ್ರ ಮಲಯಾಳದಲ್ಲಿ. ಚಿತ್ರಗಳನ್ನು ಮುಂದಿಟ್ಟು 'ಪಟ್ಟಿ ಎವಿಡೆ?' ಎಂದು ಕೇಳಿದರು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಇವನು ತನ್ನ ಮೊಣಕಾಲಿಗೆ ಕಟ್ಟಿದ್ದ ಗಾಯದ ಪಟ್ಟಿ ತೋರಿಸಿದ. ಸರಿಯಾದ ಉತ್ತರವೇ ಮಾರಾಯ್ರೆ! ರಿಪೋರ್ಟಿನಲ್ಲಿ ಬಂದದ್ದು 'ಸೂಚನೆ ಅರ್ಥವಾಗುವುದಿಲ್ಲ'. ಆಮೇಲೆ ಮಂಗಳೂರಿನಲ್ಲಿ ಕನ್ನಡದಲ್ಲಿ ಕೇಳಿದಾಗ ಅರ್ಧಕ್ಕರ್ಧ ಉತ್ತರ ಬಂತು. ಉಳಿದರ್ಧ ಬರಲಿಲ್ಲ, ಅದು ನಿಜವಾದ ತೊಂದರೆ. ಮೂರು ಭಾಷೆ ಕೇಳಿದ್ದಕ್ಕೇ ಆಟಿಸಂ ಬಂತು ಅನ್ನುವವರ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಭಾಷೆಯಿಂದ ಆಟಿಸಂ ಬರುವುದಿಲ್ಲ.

ಹಾಗಂತ ಹೆಸರು ಸುಮ್ನೆ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಸರ್ಟಿಫಿಕೇಟಿಗೆ ಹೋಗುವಾಗ ಇದು ಮುಖ್ಯವಾಗುತ್ತದೆ. ಔಷಧಿಯಲ್ಲೂ ಹಾಗೆಯೇ. ಎಡಿಎಚ್‌ಡಿಗೆ ಮಾತ್ರೆ ಇದೆ, ಆದರೆ ನಿಮ್ಮ ಮಗನ ವಯಸ್ಸಿಗೆ ಸಾಮಾನ್ಯವಾಗಿ ಮೊದಲು ತಂದೆತಾಯಿಗೆ ತರಬೇತಿ ಕೊಡುತ್ತಾರೆ. ಆಟಿಸಂ ಅನ್ನೇ ಗುಣ ಮಾಡುವ ಮಾತ್ರೆ ಇಲ್ಲ. ಇದೆ ಎಂದು ದುಡ್ಡು ಕೇಳಿದರೆ ಎದ್ದು ಬನ್ನಿ.

ಸ್ಪೀಚ್ ಥೆರಪಿಗೆ ಇದು ಯಾವುದೂ ತೀರ್ಮಾನವಾಗಬೇಕಾಗಿಲ್ಲ. ಮೂರೂ ರಿಪೋರ್ಟಿನಲ್ಲಿ ಮಾತಿನ ವಿಷಯ ಇದೆ ಎಂದು ಬರೆದಿದ್ದೀರಲ್ಲ, ಈ ವಾರವೇ ಶುರು ಮಾಡಿ. ನಾವು 'ಸರಿಯಾದ ಹೆಸರು' ಸಿಗಲಿ ಎಂದು ಒಂದೂವರೆ ವರ್ಷ ಕಾದೆವು. ಅದೊಂದು ಈಗಲೂ ಚುಚ್ಚುತ್ತದೆ.

ಕಿವಿ ಪರೀಕ್ಷೆ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಮೊದಲು ಅದು. ಮಗು ಸಹಕರಿಸದಿದ್ದರೆ ಮಲಗಿಸಿ ಮಾಡುವ ಬೆರಾ ಪರೀಕ್ಷೆ ಇದೆ, ಶಬ್ದಕ್ಕೆ ಕಿವಿಯ ನರ ಮತ್ತು ಮೆದುಳು ಸ್ಪಂದಿಸುತ್ತವೆಯೇ ಎಂದು ಅದರಲ್ಲಿ ನೋಡುತ್ತಾರೆ. ಹಿಂದಿನ ರಾತ್ರಿ ಸ್ವಲ್ಪ ತಡವಾಗಿ ಮಲಗಿಸಿ ಕರೆದುಕೊಂಡು ಹೋಗಿ, ಬಸ್ಸಿನಲ್ಲಿ ಮಾತ್ರ ನಿದ್ದೆ ಮಾಡಲು ಬಿಡಬೇಡಿ.