ಜಗಲಿಯಲ್ಲಿ ಪಾಠ ಹೇಳಿದ್ದು ಅನುಭವವಲ್ಲವೇ?

ಪತ್ರ: ನಮ್ಮ ವಾರ್ಡಿನಿಂದ ಈ ಸಲ ಗ್ರಾಮ ಪಂಚಾಯಿತಿಗೆ 26 ವರ್ಷದ ಹುಡುಗಿಯೊಬ್ಬಳು ನಿಲ್ಲುತ್ತಿದ್ದಾಳೆ. ಎಂ.ಎ., ಬಿ.ಇಡಿ. ಓದಿದವಳು. ಕೊರೊನಾ ಕಾಲದಲ್ಲಿ ಶಾಲೆ ತೆರೆಯುವವರೆಗೂ ದೇವಸ್ಥಾನದ ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ನನ್ನ ಮೊಮ್ಮಗಳೂ ಹೋಗುತ್ತಿದ್ದಳು. ಒಳ್ಳೆಯ ಹುಡುಗಿಯೇ. ಆದರೆ ಪಂಚಾಯಿತಿ ನಡೆಸಲು ಅನುಭವ ಬೇಡವೇ? ಇನ್ನೊಂದು ಅವಧಿ ಕಾಯಲಿ ಎಂಬುದು ನಮ್ಮಂಥ ಹಿರಿಯರ ಅಭಿಪ್ರಾಯ.
– ನಿವೃತ್ತ ಗುಮಾಸ್ತರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ: ಹಿರಿಯರೇ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಎದುರಿನವರ ಗುಣವನ್ನು ಒಪ್ಪಿಕೊಂಡೇ ವಾದಿಸುವ ಓದುಗರು ಸಿಗುವುದು ಕಡಿಮೆ. ಅದಕ್ಕೇ ನಿಮ್ಮೊಡನೆ ಸ್ವಲ್ಪ ಜಗಳವಾಡುವ ಸಲುಗೆ ತೆಗೆದುಕೊಳ್ಳುತ್ತೇನೆ.

ಅನುಭವ ಬೇಕು, ಒಪ್ಪಿದೆ. ಕ್ರಿಯಾಯೋಜನೆ ಹೇಗೆ ಆಗುತ್ತದೆ, ಉದ್ಯೋಗ ಖಾತ್ರಿ ಬಿಲ್ಲು ಎಲ್ಲಿ ನಿಂತಿದೆ, ಪಿಡಿಒ ಹತ್ತಿರ ಯಾವ ಕಡತ ಕೇಳಬೇಕು ಎಂಬುದು ಗೆದ್ದ ಮರುದಿನವೇ ತಿಳಿಯುವುದಿಲ್ಲ. ಒಂದು ವರ್ಷ ಕಣ್ಣು ಬಿಟ್ಟು ಕೂತರೆ ತಿಳಿಯುತ್ತದೆ. ಆದರೆ ಮನೆ ಮನೆಗೆ ಹೋಗಿ ‘ಮಗೂನ ಕಳಿಸಿ ಅಮ್ಮಾ’ ಎಂದು ಕರೆದು ತರುವ ಮನಸ್ಸು ಮೂರು ಅವಧಿ ಕುರ್ಚಿಯಲ್ಲಿ ಕೂತವರಿಗೂ ಬಾರದೆ ಹೋದದ್ದನ್ನು ನಾನು ಕಂಡಿದ್ದೇನೆ. 2020ರ ಅಕ್ಟೋಬರಿನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ಸರ್ಕಾರದ ವಿದ್ಯಾಗಮ ಯೋಜನೆಯೇ ಅರ್ಧದಲ್ಲಿ ನಿಂತಿತು. ಈ ಹುಡುಗಿ ನಿಲ್ಲಿಸಲಿಲ್ಲ. ಅದಕ್ಕೆ ಬೇರೆ ಏನು ಹೆಸರು ಕೊಡುತ್ತೀರಿ?

ನಿಮ್ಮ ತಾಲ್ಲೂಕಿನವರಿಗೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಕಥೆಯನ್ನು ನಾನು ಹೇಳಬೇಕೇ? 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅಧಿಕಾರದ ಅನುಭವ ಎಲ್ಲಿತ್ತು? ಹಿಂದಿನ ವರ್ಷ ಕಾಗೋಡಿನ ಸತ್ಯಾಗ್ರಹದಲ್ಲಿ, ಭೂಮಾಲೀಕರ ವಿರುದ್ಧ ಎದ್ದ ಗೇಣಿದಾರರ ಜೊತೆ ನಿಂತದ್ದಿತ್ತು. ‘ಒಂದು ಓಟು, ಒಂದು ನೋಟು’ ಎಂದು ಅವರು ಕೇಳಿದ್ದನ್ನು ಮಲೆನಾಡಿನಲ್ಲಿ ಇಂದಿಗೂ ನೆನೆಯುತ್ತಾರೆ. ನಿಮ್ಮ ತಂದೆಯ ತಲೆಮಾರಿನವರು ಆ ಹುಡುಗನಿಗೆ ‘ಇನ್ನೊಂದು ಅವಧಿ ಕಾಯಪ್ಪಾ’ ಎನ್ನಲಿಲ್ಲ.

ಎಂ.ಎ., ಬಿ.ಇಡಿ. ನೋಡಿ ನಾನು ಮರುಳಾಗಿದ್ದೇನೆ ಎಂದುಕೊಳ್ಳಬೇಡಿ. ಪಂಚಾಯಿತಿಗೆ ನಿಲ್ಲುವವರು ಇಂತಿಷ್ಟು ಓದಿರಲೇಬೇಕೆಂದು ಹರಿಯಾಣ 2015ರಲ್ಲಿ ಕಾನೂನು ಮಾಡಿತು, ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ಸೋದರತ್ತೆ ಹೆಬ್ಬೆಟ್ಟಿನವರು. ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಕಾಲದಲ್ಲಿ, 1987ರ ಚುನಾವಣೆಯಲ್ಲಿ, ಮಹಿಳೆಯರಿಗೆ ಮೀಸಲಿಟ್ಟ ಕಾಲು ಭಾಗ ಸ್ಥಾನಗಳಲ್ಲೊಂದರಿಂದ ಆಗಿನ ಮಂಡಲ ಪಂಚಾಯಿತಿಗೆ ಬಂದರು. ಸಭೆಯಲ್ಲಿ ಅವರು ಕೇಳುತ್ತಿದ್ದದ್ದು ಒಂದೇ: ‘ಶಾಲೆ ಮಾಡಿನ ಹಂಚು ಯಾವಾಗ ಹಾಕ್ತೀರಿ?’ ಪ್ರತಿ ಸಭೆಯಲ್ಲೂ ಕೇಳಿದರು. ಮೂರನೇ ಮಳೆಗಾಲಕ್ಕೆ ಹಂಚು ಬಂತು. ತಮಗೆ ದಕ್ಕದ ಅಕ್ಷರ ಊರ ಮಕ್ಕಳಿಗೆ ದಕ್ಕಲಿ ಎಂದು ಹಟ ಹಿಡಿದ ಅತ್ತೆಯನ್ನೂ, ತನಗೆ ದಕ್ಕಿದ್ದನ್ನು ಜಗಲಿಯಲ್ಲಿ ಹಂಚಿದ ನಿಮ್ಮೂರಿನ ಹುಡುಗಿಯನ್ನೂ ನಾನು ಒಂದೇ ಸಾಲಿನಲ್ಲಿ ಕೂರಿಸುತ್ತೇನೆ.

ಅನುಭವಸ್ಥರು ಏನು ಮಾಡಿದ್ದಾರೆ ನೋಡೋಣ. ಆಸ್ತಿ ತೆರಿಗೆಯ ಜೊತೆಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮರುವರ್ಷ ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಕ್ಕಿತು. ಕೆಲವು ಊರುಗಳಲ್ಲಿ ಅವು ನಳನಳಿಸುತ್ತಿವೆ. ನಾನು ಹೋದ ಒಂದು ಹಳ್ಳಿಯಲ್ಲಿ ಮಾತ್ರ ಬಾಗಿಲಿಗೆ ಬೀಗ. ಕೀಲಿ ಎಲ್ಲಿದೆ ಎಂದರೆ ಸದಸ್ಯರಿಗೇ ಗೊತ್ತಿಲ್ಲ. ಇಪ್ಪತ್ತು ವರ್ಷದ ಅನುಭವಿಗಳು ಅವರು! ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಕರೆಯುತ್ತಾರೆ, ಮಕ್ಕಳು ಪಾಪ ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ ಎನ್ನುತ್ತವೆ, ಬಿಸ್ಕತ್ತು ಹಂಚಿ ಫೋಟೊ ತೆಗೆಸಿಕೊಂಡು ಕಳಿಸುತ್ತಾರೆ. 2020ರ ಚುನಾವಣೆಯಲ್ಲಂತೂ ಕೆಲವೆಡೆ ಸದಸ್ಯ ಸ್ಥಾನಗಳನ್ನೇ ಹರಾಜು ಕೂಗಿದರು. ಹರಾಜು ಕಟ್ಟೆಯ ಸುತ್ತ ಕೂತಿದ್ದವರೂ ಹಿರಿಯರೇ ಅಲ್ಲವೇ? ಅಲ್ಲಿ ಯಾರೂ ಯಾರ ಅನುಭವವನ್ನೂ ಕೇಳಲಿಲ್ಲ. ಓದಿದ ಹೆಣ್ಣುಮಗಳೊಬ್ಬಳು ಊರಲ್ಲೇ ಉಳಿದು ದುಡಿಯುತ್ತೇನೆ ಎಂದಾಗ ಮಾತ್ರ ನಮಗೆ ಅನುಭವದ ನೆನಪಾಗುತ್ತದೆ. ಈ ಮಾತು ನಿಮಗೆ ಖಾರವಾದರೆ ಕ್ಷಮಿಸಿ, ಹಿಂದೆ ತೆಗೆದುಕೊಳ್ಳಲಾರೆ.

ನಿಮ್ಮ ಮೊಮ್ಮಗಳು ಈಗ ಹೈಸ್ಕೂಲಿನಲ್ಲಿರಬೇಕು. ಆ ಜಗಲಿಯಲ್ಲಿ ಏನು ಕಲಿತೆ ಎಂದು ಅವಳನ್ನೊಮ್ಮೆ ಕೂರಿಸಿಕೊಂಡು ಕೇಳಿ. ಅವಳು ಹೇಳಿದ್ದನ್ನು ನಮಗೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.